ಕುರಿ ಕಾಯುವವನ ಉಪಮೆ

ಸುಗ್ಗಿ ಮುಗಿದ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಹೋದರೆ ಬರಿದಾದ ಹೊಲಗಳಲ್ಲಿ ಕುರಿಹಿಂಡುಗಳನ್ನು ತಾವು ಕಾಣುವಿರಿ. ಹಿಕ್ಕೆಯಿಂದ ನೆಲಕ್ಕೆ ಗೊಬ್ಬರವಾಗಲೆಂದು ಒಕ್ಕಲಿಗರು ಕಾಳನ್ನೋ ಹಣವನ್ನೋ ಕೊಟ್ಟು ರಾತ್ರಿ ಹಿಂಡನ್ನು ನಿಲ್ಲಿಸಿಕೊಳ್ಳುತ್ತಾರೆ. ಆಗ ಕುರುಬನಿಗೆ ನೆಮ್ಮದಿಯ ನಿದ್ದೆಯಿಲ್ಲ. ತೋಳನ ಭಯವೂ ಉಂಟು, ಕಳ್ಳನ ಭಯವೂ ಉಂಟು. ಹಗಲಲ್ಲಿ ನಡೆಯಲಾರದ ಎಳೆಮರಿಯನ್ನು ಅವನೇ ಎತ್ತಿಕೊಂಡು ಸಾಗುತ್ತಾನೆ.

ಕ್ರೈಸ್ತರ ಧರ್ಮಗ್ರಂಥದ ಕುರುಬನೂ ಇಂಥವನೇ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸುಕ್ರಿಸ್ತನು ತನ್ನನ್ನು ಒಳ್ಳೆಯ ಕುರುಬನೆಂದು ಕರೆದುಕೊಂಡಿದ್ದಾನೆ. ತೋಳ ಬಂದರೆ ಕೂಲಿಯಾಳು ಓಡುವನು, ಒಳ್ಳೆಯ ಕುರುಬನು ಪ್ರಾಣವನ್ನೇ ಕೊಡುವನು, ಭೇದ ಇಷ್ಟೇ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಕುರುಬನು 99 ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುತ್ತಾನೆ.

ಸಭೆಯ ಗುರುವಿಗೆ 'ಸಭಾಪಾಲಕ' ಎಂಬ ಹೆಸರಿನ ಹಿಂದೆ ಇರುವುದು ಈ ಭಾವವೇ. 'ಗೋಪಾಲ' ಶಬ್ದದಲ್ಲಿಯೂ ಇದೇ ಕಾಯುವ ಅರ್ಥವಿದೆ. 'ಪಾಸ್ಟರ್' ಎಂಬುದು ಲ್ಯಾಟಿನ್ ಭಾಷೆಯಲ್ಲಿ ಕುರುಬನ ಹೆಸರು. ಬಿಷಪ್ಪರು ಹಿಡಿಯುವ ತುದಿ ಬಾಗಿದ ದಂಡವೂ ಕುರುಬನ ಕೋಲಿನ ಗುರುತು.

ನಮ್ಮಲ್ಲಿ 'ಕುರಿಮಂದೆ' ಎಂಬುದು ಬೈಗಳು. ಆದಕಾರಣ ಈ ಉಪಮೆಯು ಜನರನ್ನು ಹೀಗಳೆಯುತ್ತದೆಂದು ತಮಗೆ ತೋರಬಹುದು. ಹಾಗಲ್ಲ, ಅದರ ಭಾರವೆಲ್ಲ ಇರುವುದು ಕಾಯುವವನ ಮೇಲೆ. ಊರ ಹಿರಿಯನಾಗಲಿ, ಶಾಲೆಯ ಗುರುವಾಗಲಿ, ಮನೆಯ ಯಜಮಾನನಾಗಲಿ, ಹಿಂದೆ ಉಳಿದ ಒಬ್ಬನನ್ನು ಲೆಕ್ಕದಿಂದ ಬಿಟ್ಟ ದಿನವೇ ಅವನು ಕೂಲಿಯಾಳಾದನು. ಈ ಮಾತನ್ನು ಒಪ್ಪಲು ಯಾವ ಮತದವರಿಗೂ ಅಡ್ಡಿಯಿಲ್ಲ.