‘ದಿ ಲಾಸ್ಟ್ ಥಿಂಗ್ ಮೇರಿ ಸಾ’: ಶಿಕ್ಷೆ ಕಂಡಿತು, ಪ್ರೇಮ ಕಾಣಲಿಲ್ಲ

ವರ್ಷ 1843. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸೌತೋಲ್ಡ್ ಎಂಬ ಊರು. ಕಣ್ಣಿಗೆ ಬಟ್ಟೆ ಕಟ್ಟಿದ ಯುವತಿಯೊಬ್ಬಳ ವಿಚಾರಣೆ ನಡೆಯುತ್ತಿದೆ. ಬಟ್ಟೆಯ ಅಡಿಯಿಂದ ರಕ್ತ ಇಳಿಯುತ್ತಿದೆ. ಅವಳ ಮನೆಯಲ್ಲಿ ನಡೆದದ್ದಾದರೂ ಏನು?

ಎಡೋರ್ಡೊ ವಿಟಲೆಟ್ಟಿ ನಿರ್ದೇಶನದ ಈ ಚೊಚ್ಚಲ ಚಿತ್ರ ಶುರುವಾಗುವುದು ಹೀಗೆ. 2021ರಲ್ಲಿ ಚಿತ್ರೋತ್ಸವಗಳಲ್ಲಿ ತೆರೆ ಕಂಡು, 2022ರ ಜನವರಿಯಲ್ಲಿ ಶಡರ್ ಎಂಬ ಆನ್‌ಲೈನ್ ವೇದಿಕೆಗೆ ಬಂತು. ಆರಂಭ ನೋಡಿದವರಿಗೆ ಆಸೆ ಹುಟ್ಟುತ್ತದೆ. ಆದರೆ ಆ ಆಸೆ ಉಳಿಯುವುದಿಲ್ಲ.

ಕಥೆ ಸರಳ. ಮನೆಮಗಳು ಮೇರಿ (ಸ್ಟೆಫನಿ ಸ್ಕಾಟ್), ಮನೆಗೆಲಸದ ಎಲಿನರ್ (ಇಸಬೆಲ್ ಫರ್ಮನ್). ಇಬ್ಬರಿಗೂ ಪರಸ್ಪರ ಪ್ರೀತಿ. ಮನೆಯವರ ಕಣ್ಣಿಗೆ ಇದು ಮಹಾಪಾಪ. ಅಕ್ಕಿ ಕಾಳುಗಳ ಮೇಲೆ ಮಂಡಿಯೂರಿಸಿ ಪ್ರಾರ್ಥನೆ ಹೇಳಿಸುತ್ತಾರೆ. ಇದಕ್ಕೆ ಅವರು ಇಟ್ಟ ಹೆಸರು ‘ತಿದ್ದುವುದು’. ಮನೆಯ ಹಿರಿಯಜ್ಜಿಯ ಮಾತೇ ಅಲ್ಲಿ ಕಾನೂನು. ಮುಂದೆ ಕಥೆ ಸೇಡಿನತ್ತ ತಿರುಗುತ್ತದೆ. ಅದನ್ನು ಇಲ್ಲೇ ಹೇಳಿಬಿಟ್ಟರೆ ನೋಡುವವರಿಗೆ ಅನ್ಯಾಯ.

ಅಕ್ಕಿಯ ದೃಶ್ಯ ಮಾತ್ರ ಮರೆಯುವಂಥದ್ದಲ್ಲ. ಕೂಗಾಟವಿಲ್ಲ, ಹಿನ್ನೆಲೆಯ ಅಬ್ಬರವಿಲ್ಲ. ಊಟಕ್ಕೆ ಬಳಸುವ ಕಾಳೇ ಮೊಣಕಾಲಿಗೆ ಚುಚ್ಚುವ ಮುಳ್ಳಾಗುತ್ತದೆ. ಹೊಡೆಯುವವರು ಕ್ರೂರಿಗಳಂತೆ ಕಾಣುವುದೂ ಇಲ್ಲ, ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂಬ ಶಾಂತಿ ಅವರ ಮುಖದಲ್ಲಿದೆ. ನಿಜವಾದ ಭಯ ಇರುವುದು ಇಲ್ಲೇ.

ಹಾಗಾದರೆ ಎಡವಿದ್ದು ಎಲ್ಲಿ? ನಾವು ಒಳಗೆ ಹೋಗುವ ಹೊತ್ತಿಗೆ ಇಬ್ಬರೂ ಸಿಕ್ಕಿಬಿದ್ದಾಗಿದೆ. ಈ ಸ್ನೇಹ ಬೆಳೆದದ್ದು ಹೇಗೆ, ಒಬ್ಬಳಲ್ಲಿ ಇನ್ನೊಬ್ಬಳು ಕಂಡದ್ದೇನು ಎಂಬುದಕ್ಕೆ ಚಿತ್ರ ಸಮಯ ಕೊಡುವುದಿಲ್ಲ. ಕದ್ದು ಕಥೆ ಪುಸ್ತಕ ಓದುವುದು, ಒಂದೆರಡು ನೋಟ, ಅಷ್ಟೇ. ಕಳೆದುಕೊಳ್ಳುವುದು ಏನೆಂದು ಗೊತ್ತಿಲ್ಲದಿದ್ದರೆ ಕಳೆದುಕೊಳ್ಳುವ ಭಯ ಹೇಗೆ ಬಂದೀತು? ಅಯ್ಯೋ ಪಾಪ ಅನ್ನಿಸುತ್ತದೆ, ಎದೆ ನಡುಗುವುದಿಲ್ಲ.

ಧರ್ಮದ ವಿಷಯದಲ್ಲೂ ಇದೇ ಗತಿ. ಪ್ಯೂರಿಟನ್ನರು ಎಂದರೆ ಚರ್ಚಿನ ಆಡಂಬರ ಬೇಡ, ಬೈಬಲ್ಲಿನಂತೆ ಕಟ್ಟುನಿಟ್ಟಾಗಿ ಬದುಕಬೇಕು ಎಂದು ಇಂಗ್ಲೆಂಡಿನಿಂದ ಬಂದವರು. 1640ರಲ್ಲಿ ಸೌತೋಲ್ಡ್ ಕಟ್ಟಿದವರೂ ಅವರೇ. ಮಾಟಗಾತಿಯರೆಂದು 19 ಮಂದಿಯನ್ನು ಗಲ್ಲಿಗೇರಿಸಿದ ಸೇಲಂ ಪ್ರಕರಣ ನಡೆದದ್ದು ಮ್ಯಾಸಚೂಸೆಟ್ಸ್‌ನಲ್ಲಿ, 1692ರಲ್ಲಿ. ಅಂದರೆ ಈ ಕಥೆಗೆ ಒಂದೂವರೆ ಶತಮಾನ ಮೊದಲು. ಆದರೂ ಚಿತ್ರ ನೋಡುವಾಗ ಆ ಹಳೇ ಕಾಲದಲ್ಲೇ ಇದ್ದೇವೆ ಅನ್ನಿಸುತ್ತದೆ.

ಅಸಲಿಗೆ 1843 ತಾನೇ ಭಯದ ವರ್ಷ. ಇದೇ ನ್ಯೂಯಾರ್ಕ್ ರಾಜ್ಯದ ರೈತ ವಿಲಿಯಂ ಮಿಲ್ಲರ್, ಬೈಬಲ್ ಲೆಕ್ಕ ಹಾಕಿ, 1843ರ ಮಾರ್ಚ್‌ನಿಂದ 1844ರ ಮಾರ್ಚ್ ಒಳಗೆ ಕ್ರಿಸ್ತ ಮರಳಿ ಬರುತ್ತಾನೆ ಎಂದಿದ್ದ. ಸಾವಿರಾರು ಜನ ನಂಬಿದರು. ಬಳಿಕ 1844ರ ಅಕ್ಟೋಬರ್ 22 ಎಂದು ದಿನವೂ ನಿಗದಿಯಾಯಿತು. ಏನೂ ಆಗಲಿಲ್ಲ. ‘ಮಹಾ ನಿರಾಶೆ’ ಎಂದೇ ಆ ದಿನಕ್ಕೆ ಹೆಸರು. ನಾಳೆಯೇ ತೀರ್ಪಿನ ದಿನ ಎಂದು ನಂಬಿದ ಮನೆಯೊಂದರಲ್ಲಿ ಮಗಳ ‘ಪಾಪ’ ಗೊತ್ತಾದರೆ? ಹಿರಿಯರ ಕಾಠಿಣ್ಯಕ್ಕೆ ಆಗ ಒಂದು ಕಾರಣ ಸಿಗುತ್ತಿತ್ತು. ಇಲ್ಲಿ ಅಜ್ಜಿಗೆ ಯಾಕೆ ಅಷ್ಟು ಹೆದರಬೇಕು ಎಂಬುದೇ ಸ್ಪಷ್ಟವಾಗುವುದಿಲ್ಲ.

ಕಾಸರಗೋಡಿನ ಕಡೆಯ ಓದುಗರಲ್ಲಿ ಹಲವರು 2024ರ ಮಲಯಾಳಂ ಚಿತ್ರ ‘ಭ್ರಮಯುಗಂ’ ನೋಡಿರಬಹುದು. ಅಲ್ಲೂ ಒಂದೇ ಮನೆ, ಬೆರಳೆಣಿಕೆಯ ಪಾತ್ರಗಳು, ಬಣ್ಣವೂ ಇಲ್ಲ. ಆದರೆ ಯಾರಿಗೆ ಯಾವುದರ ಹಸಿವು, ಯಾರಿಗೆ ಯಾರ ಭಯ ಎಂಬುದು ನೋಡುವವರಿಗೆ ತಿಳಿಯುತ್ತದೆ.

‘ಹೋಮ್ ಅಲೋನ್’ ಹುಡುಗ ಮೆಕಾಲೆಯ ತಮ್ಮ ರೋರಿ ಕಲ್ಕಿನ್ ಕೊನೆಗೆ ಆಗಂತುಕನಾಗಿ ಬಂದು ಸ್ವಲ್ಪ ಜೀವ ತುಂಬುತ್ತಾರೆ, ಅಷ್ಟರಲ್ಲಿ ತಡವಾಗಿದೆ. ಫರ್ಮನ್ ಅಭಿನಯಕ್ಕಾಗಿ ನೋಡುವುದಾದರೆ ರಾತ್ರಿ ದೀಪ ಆರಿಸಿ ನೋಡಿ. ಬಹುಪಾಲು ಮೋಂಬತ್ತಿ ಬೆಳಕಿನ ದೃಶ್ಯಗಳೇ ಆದ್ದರಿಂದ ಹಗಲಲ್ಲಿ ಮೊಬೈಲಿನಲ್ಲಿ ಅರ್ಧವೂ ಕಾಣದು. ಮಕ್ಕಳ ಜೊತೆ ನೋಡುವ ಚಿತ್ರವಂತೂ ಅಲ್ಲ.