ಕೈಗೂ ಒಂದು ಪಾಠ

ಒಂದು ಸಂಗತಿ ಬಾಳಿನಲ್ಲಿ ಪೂರ್ಣವಾಗಿ ಬೆರೆತಿದೆಯೆಂದು ಹೇಳಬೇಕಾದಾಗ 'ಹಾಸುಹೊಕ್ಕಾಗಿದೆ' ಎನ್ನುತ್ತೇವೆ. ಈ ಪದವನ್ನು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗಳಲ್ಲಿ, ಮಗ್ಗದ ಮುಂದೆ ನಿಂತು ಹಾಸು ಇದು, ಹೊಕ್ಕು ಇದು ಎಂದು ತೋರಿಸಬಲ್ಲವರು ಎಷ್ಟು ಮಂದಿ? ಗದಗಿನ ಅವಳಿಯಾದ ಬೆಟಗೇರಿ ನೇಕಾರರ ಊರು. ಅಲ್ಲಿಯೂ ಈ ಪ್ರಶ್ನೆಯನ್ನು ಕೇಳಬೇಕಾಗಿರುವುದು ನಮ್ಮ ಪಾಠಕ್ರಮದ ವಿಷಯವಾಗಿ ಚಿಂತಿಸತಕ್ಕ ಸಂಗತಿಯೇ ಸರಿ.

ಶಾಲೆಯಲ್ಲಿ ಕೈಗೆಲಸವಿರಬೇಕೆಂಬ ವಿಚಾರ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಪರಿಷತ್ತು, ಯಾವುದಾದರೊಂದು ಉದ್ಯೋಗವನ್ನು ನಡುವಿಟ್ಟು ಉಳಿದ ವಿಷಯಗಳನ್ನು ಅದರ ಸುತ್ತ ಕಲಿಸಬೇಕೆಂದಿತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಾಠಕ್ರಮದ ರೂಪ ಕೊಟ್ಟಿತು. ಗದಗು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಬಾಳಾಸಾಹೇಬ ಖೇರರ ಸರಕಾರ ಈ ಮೂಲ ಶಿಕ್ಷಣವನ್ನು ಉತ್ಸಾಹದಿಂದಲೇ ಕೈಗೊಂಡಿತು. ಮುಂದೆ 1964-66ರ ಕೊಠಾರಿ ಆಯೋಗ ಅದನ್ನೇ 'ಕಾರ್ಯಾನುಭವ'ವೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ'ವೆಂದು ಕರೆಯಿತು. ಹೆಸರು ಬೆಳೆಯುತ್ತ ಹೋಯಿತು. ಕೆಲಸ ಮಾತ್ರ ವೇಳಾಪತ್ರಿಕೆಯ ಕೊನೆಯ ತಾಸಿಗೆ ಸರಿಯಿತು. ಪರೀಕ್ಷೆಯಲ್ಲಿ ಬಾರದ ವಿಷಯಕ್ಕೆ ಗೌರವವೂ ಬಾರದು.

ಕೈಗೆಲಸವೆಂದರೆ ಬುದ್ಧಿಗೆ ಬಿಡುವು ಎಂಬ ತಪ್ಪು ತಿಳಿವಳಿಕೆಯೇ ಇದರ ಮೂಲ. ಹತ್ತಿಯ ನೂಲಿನ ನಂಬರನ್ನೇ ನೋಡಬಹುದು. 840 ಗಜಗಳ ಒಂದು ಲಡಿ. ಅಂಥ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡು ತೂಗುವುದೋ ಅದೇ ಆ ನೂಲಿನ ನಂಬರು. 40 ನಂಬರಿನ ನೂಲು ಒಂದು ಪೌಂಡಿಗೆ 33,600 ಗಜ ಉದ್ದವಾಗುತ್ತದೆ. ಎಳೆ ತೆಳುವಾದಷ್ಟೂ ನಂಬರು ಏರುತ್ತದೆ. ಕರಿಹಲಗೆಯ ಮೇಲೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹತ್ತದ ವಿಲೋಮ ಅನುಪಾತ, ಎರಡು ಬಗೆಯ ನೂಲನ್ನು ಬೆರಳಿನಲ್ಲಿ ಹೊಸೆದು ನೋಡಿದ ಮಗುವಿಗೆ ಒಂದೇ ಗಳಿಗೆಯಲ್ಲಿ ತಿಳಿದೀತು. ಎಳೆ ತಪ್ಪಿದರೆ ಬಟ್ಟೆಯೇ ಅದನ್ನು ತೋರಿಸುತ್ತದೆ. ಗುರುಗಳ ಕೆಂಪು ಮಸಿಗಾಗಿ ಕಾಯಬೇಕಾಗಿಲ್ಲ.

ಆದರೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಬಾಳು ಸವೆಸಿದ ತಂದೆಗೆ ಈ ಮಾತು ರುಚಿಸಲಿಕ್ಕಿಲ್ಲ. 'ನನ್ನ ಮಗ ಲಾಳಿ ಎಸೆಯುವುದು ಬೇಡವೆಂದೇ ಶಾಲೆಗೆ ಕಳಿಸಿದೆ' ಎಂದು ಆತ ಹೇಳಿದರೆ ತಪ್ಪೇನು? 1953ರಲ್ಲಿ ಮದ್ರಾಸು ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಶಾಲೆಯ ವೇಳೆಯನ್ನು ಮೂರು ತಾಸಿಗೆ ಇಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ಮನೆತನದ ಕಸುಬನ್ನು ಕಲಿಯಲೆಂದರು. ಇದು ಕುಲಕಸುಬಿಗೆ ಕಟ್ಟಿಹಾಕುವ ಶಿಕ್ಷಣವೆಂದು ಜನ ಪ್ರತಿಭಟಿಸಿದರು. ಮರುವರ್ಷವೇ ಯೋಜನೆ ಕೈಬಿಟ್ಟುಹೋಯಿತು. ಆ ಪ್ರತಿಭಟನೆ ನ್ಯಾಯವಾದುದು. ನೇಕಾರನ ಮಗನಿಗೆ ಮಗ್ಗವನ್ನೇ, ಕುಂಬಾರನ ಮಗಳಿಗೆ ತಿಗರಿಯನ್ನೇ ಕೊಡುವುದು ಶಿಕ್ಷಣವಲ್ಲ. ವಕೀಲರ ಮಗ ಮಗ್ಗದ ಮುಂದೆ ಕೂಡಬೇಕು. ನೇಕಾರರ ಮಗಳು ವಿದ್ಯುತ್ತಿನ ತಂತಿ ಜೋಡಿಸಬೇಕು. ಕೈಗೆಲಸ ಎಲ್ಲರ ಪಾಲಿಗೂ ಬಂದಾಗಲೇ ಅದು ಯಾರ ಹಣೆಬರಹವೂ ಆಗದು.

ಇದು ಬರಿಯ ಆದರ್ಶವಲ್ಲವೆಂಬುದಕ್ಕೆ ಗದಗಿನಲ್ಲಿಯೇ ಸಾಕ್ಷಿಯಿದೆ. ಹುಟ್ಟುಗುರುಡರಾದ ಪಂಚಾಕ್ಷರಿ ಗವಾಯಿಗಳು ಕಟ್ಟಿ ಬೆಳೆಸಿದ, ಅವರು 1944ರಲ್ಲಿ ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು 2010ರವರೆಗೂ ಸಾಕಿ ಸಲಹಿದ ವೀರೇಶ್ವರ ಪುಣ್ಯಾಶ್ರಮವದು. ಅಂಧರು, ಅನಾಥರು, ಬಡವರು ಜಾತಿಭೇದವಿಲ್ಲದೆ ಅಲ್ಲಿ ಅನ್ನ, ವಸತಿಗಳೊಡನೆ ಸಂಗೀತ ಕಲಿತರು. ಗಾಯಕರ ವಂಶದಲ್ಲಿ ಹುಟ್ಟಿರಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಕಣ್ಣಿಲ್ಲದ ಮಗುವಿಗೆ ಪುಸ್ತಕ ತೋರಿಸಿ ಪಾಠ ಹೇಳುವಂತಿಲ್ಲ. ಬೆರಳು ಹಿಡಿದು ತಬಲಾದ ಮೇಲಿಟ್ಟು, ಬಂದ ನಾದವನ್ನು ಕೇಳಿಸಿ, ತಿದ್ದಿ ಕಲಿಸಬೇಕು. ಹಾಗೆ ಕಲಿತವರು ವಿದ್ಯೆಯಿಂದಲೇ ಅನ್ನವನ್ನೂ ಮಾನವನ್ನೂ ಗಳಿಸಿದರು. ಅಲ್ಲಿ ಗುರು ತಾನೇ ಆ ಕಲೆಯನ್ನು ಮಾಡಬಲ್ಲವನು; ಕಲಿಕೆ ನಿತ್ಯದ್ದು, ಕೊನೆಯ ತಾಸಿನದಲ್ಲ. ನಮ್ಮ ಶಾಲೆಗಳ ಕೈಗೆಲಸಕ್ಕೆ ಇಲ್ಲದಿದ್ದವು ಈ ಎರಡೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯವರೆಗಿನ ಅವಧಿಯಲ್ಲಿ 10 ದಿನ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ಮಾಲಿಗಳಲ್ಲಿ ಮಕ್ಕಳು ಕಲಿಯಲೆಂದು ಸೂಚಿಸಿತು. ಕರ್ನಾಟಕವು ತನ್ನದೇ ನೀತಿಯನ್ನು ರೂಪಿಸಲು 2023ರಲ್ಲಿ ಆಯೋಗವನ್ನು ನೇಮಿಸಿತು. ನೀತಿ ಯಾವುದೇ ಇರಲಿ, ಕುಶಲಕರ್ಮಿಯನ್ನು ಅತಿಥಿಯಾಗಿಯಲ್ಲ, ಗುರುವಾಗಿ ಶಾಲೆಯೊಳಕ್ಕೆ ಬರಮಾಡಿಕೊಳ್ಳಬೇಕು, ಸಂಬಳ ಕೊಡಬೇಕು, ವರ್ಷವಿಡೀ ಅವನಿಗೆ ತಾಸುಗಳಿರಬೇಕು. ಮುಂಡರಗಿ, ಶಿರಹಟ್ಟಿಯ ಮಕ್ಕಳಿಗೆ ಕಪ್ಪತಗುಡ್ಡದ ಗಿಡಮೂಲಿಕೆಗಳೇ ಸಸ್ಯಶಾಸ್ತ್ರದ ಪಾಠವಾಗಲಿ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯನ್ನೂ ಲಕ್ಕುಂಡಿಯಲ್ಲಿ ಕಡೆದ ಕಂಬಗಳನ್ನೂ ನೋಡಿ ಇಸವಿ ಬರೆದುಕೊಂಡು ಮರಳುವ ಮಕ್ಕಳು, ಒಮ್ಮೆ ಮೆತುಗಲ್ಲಿನ ಮೇಲೆ ಉಳಿಯಿಟ್ಟು ನೋಡಲಿ. ಆ ಶಿಲ್ಪಿಗಳಿಗೆ ಎಷ್ಟು ಲೆಕ್ಕ, ಎಷ್ಟು ತಾಳ್ಮೆ ಬೇಕಾಗಿತ್ತೆಂಬುದು ಅವರಿಗೆ ಆಗ ತಿಳಿಯುತ್ತದೆ. ಕಾಯಕವನ್ನು ಹೊಗಳುವ ನಾಡಿನಲ್ಲಿ ಕಾಯಕ ಮಾಡುವವರನ್ನು ಗೌರವಿಸುವುದೂ ಅಲ್ಲಿಂದಲೇ ಆರಂಭವಾಗಬೇಕು.