ಕುರುಹು ಮತ್ತು ಅರಿವು: ಗ್ರೀಕ್ ಕಾವ್ಯದ ಒಂದು ತಂತ್ರವನ್ನು ಕುರಿತು

ಕಾವ್ಯತಂತ್ರಗಳ ಅಧ್ಯಯನವೆಂದರೆ ಲಕ್ಷಣಗಳನ್ನು ಕಂಠಪಾಠಮಾಡಿ ಪದ್ಯಗಳಿಗೆ ಅಲಂಕಾರದ ಹೆಸರಿಡುವುದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ಉಪಮೆ, ಇದು ರೂಪಕ ಎಂದು ಗುರುತಿಸಿದೊಡನೆ ಕೆಲಸ ಮುಗಿಯಿತೆಂದು ಅವರು ತಿಳಿಯುತ್ತಾರೆ. ಆ ತಂತ್ರ ಆ ಸ್ಥಳದಲ್ಲಿಯೇ ಏಕೆ ಬಂದಿತು, ಕೇಳುವವನ ಮನಸ್ಸಿನಲ್ಲಿ ಏನನ್ನು ಮಾಡಿತು ಎಂಬ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಗ್ರೀಕರ ಮಹಾಕಾವ್ಯ ಹಾಗೂ ನಾಟಕಗಳನ್ನು ನಮ್ಮ ನಾಡಿನ ಹಾಡುಗಬ್ಬದೊಡನೆ ಇಟ್ಟು ಓದಿದಲ್ಲಿ ಈ ಪ್ರಶ್ನೆ ತಾನಾಗಿಯೇ ಮುಂದೆ ಬರುತ್ತದೆ.

ಮೈಸೂರು ಸೀಮೆಗೆ ಗ್ರೀಕ್ ಸಾಹಿತ್ಯ ಹೊಸತಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ‘ಅಯಾಸ್’ ನಾಟಕದ ಆಧಾರದ ಮೇಲೆ ‘ಅಶ್ವತ್ಥಾಮನ್’ ಕೃತಿಯನ್ನು 1929ರಲ್ಲಿ ರಚಿಸಿದರು. ಈಸ್ಕಿಲಸನ ನಾಟಕವನ್ನು 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ‘ರುದ್ರನಾಟಕ’ವೆಂಬ ಹೆಸರು ಕನ್ನಡದಲ್ಲಿ ನೆಲೆಗೊಂಡದ್ದು ಅವರಿಂದ. ಅವರ ಶಿಷ್ಯರಾದ ಕುವೆಂಪು ಅವರು 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಆರಂಭದಲ್ಲಿ ಹೋಮರನಿಗೂ ನಮಿಸಿ, ಅವನ ವಿಸ್ತಾರವಾದ ಉಪಮೆಗಳಿಗೆ ಸಮನಾದ ಮಹೋಪಮೆಗಳನ್ನು ಕನ್ನಡದಲ್ಲಿ ಬೆಳೆಸಿದರು.

ಇದು ವಿದ್ವಾಂಸರ ಮಾರ್ಗ. ಇನ್ನೊಂದು ಮಾರ್ಗ ಕೃಷ್ಣರಾಜನಗರದ ಸೀಮೆಯಲ್ಲಿಯೇ ಇದೆ. ಕಾವೇರಿಯ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿ ಹಾಗೂ ಚೆನ್ನಾಜಮ್ಮನವರ ಗದ್ದುಗೆಗಳಿವೆ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ಜಾತ್ರೆ ಸೇರುತ್ತದೆ. ತಂಬೂರಿ, ತಾಳಗಳ ಜೊತೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಾವ್ಯವನ್ನು ಹಾಡುತ್ತಾರೆ. ಗುರುವಿನ ಹೆಸರು ಬಂದೆಡೆಯಲ್ಲೆಲ್ಲ ‘ಧರೆಗೆ ದೊಡ್ಡವರು’, ‘ಪರಂಜ್ಯೋತಿ’ ಎಂಬ ವಿಶೇಷಣಗಳು ಮರಳಿ ಮರಳಿ ಬರುತ್ತವೆ. ಹೋಮರನಲ್ಲಿ ಅಕಿಲೀಸನು ಕುಳಿತಿದ್ದರೂ ವೇಗದ ಕಾಲಿನವನೇ. ಇಂಥ ಆವೃತ್ತಿ ಕವಿಯ ದಾರಿದ್ರ್ಯವಲ್ಲ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ 1933ರಿಂದ 1935ರವರೆಗೆ ಯುಗೊಸ್ಲಾವಿಯದ ಹಾಡುಗಾರರ ಕಾವ್ಯಗಳನ್ನು ಧ್ವನಿಮುದ್ರಿಸಿ, ಬರಹದ ನೆರವಿಲ್ಲದೆ ಹಾಡುವವನಿಗೆ ಈ ಸಿದ್ಧಪದಪುಂಜಗಳು ಎಂಥ ಆಧಾರವೆಂಬುದನ್ನು ತೋರಿಸಿದನು. ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರ ತನ್ನ ಗ್ರಂಥದಲ್ಲಿ ಆ ವಿಚಾರವನ್ನು ವಿಸ್ತರಿಸಿದನು. ಕಪ್ಪಡಿಯ ಹಾಡನ್ನು ಕೇಳಿದವನಿಗೆ ಹೋಮರನ ಪುನರುಕ್ತಿ ಬೇಸರ ತರಲಾರದು.

ಆದರೆ ಇವೆರಡನ್ನೂ ಇನ್ನೂ ಆಳದಲ್ಲಿ ಬೆಸೆಯುವ ತಂತ್ರವೆಂದರೆ ಗುರುತಿಸುವಿಕೆ. ಅರಿಯದ ಸ್ಥಿತಿಯಿಂದ ಅರಿತ ಸ್ಥಿತಿಗೆ ಪಾತ್ರವು ದಾಟುವುದೇ ಇದು ಎಂದು ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಹೇಳಿ, ಇದರ ಬಗೆಗಳಲ್ಲಿ ತಾರತಮ್ಯವನ್ನೂ ಮಾಡುತ್ತಾನೆ. ಬರಿಯ ಗುರುತಿನಿಂದ, ಎಂದರೆ ಮಚ್ಚೆ, ಗಾಯದ ಕಲೆ, ಆಭರಣಗಳಿಂದ ಆಗುವುದು ಕೆಳದರ್ಜೆಯದು. ಘಟನೆಗಳ ಓಟದಿಂದಲೇ ಒಡಮೂಡುವುದು ಉತ್ತಮವಾದುದು.

‘ಒಡಿಸ್ಸಿ’ಯಲ್ಲಿ ಇಪ್ಪತ್ತು ವರ್ಷಗಳ ಅನಂತರ ಒಡಿಸ್ಯೂಸನು ಭಿಕ್ಷುಕನ ವೇಷದಲ್ಲಿ ತನ್ನ ಮನೆಗೇ ಬರುತ್ತಾನೆ. ಕಾಲು ತೊಳೆಯುವ ಮುದುಕಿ ದಾದಿ ಹಳೆಯ ಗಾಯದ ಕಲೆಯನ್ನು ಮುಟ್ಟಿ ಒಡೆಯನನ್ನು ಗುರುತಿಸುತ್ತಾಳೆ. ಹೆಂಡತಿ ಪೆನೆಲೊಪೆಗಾದರೋ ಆ ಕಲೆ ಸಾಲದು. ತಮ್ಮಿಬ್ಬರಿಗೆ ಮಾತ್ರ ತಿಳಿದ ಮಂಚದ ರಹಸ್ಯವನ್ನು ಅವನು ತಾನಾಗಿ ಆಡಿದಾಗಲೇ ಅವಳು ಕರಗುತ್ತಾಳೆ. ಅಲ್ಲಿ ಹೋಮರನು ಒಂದು ಮಹೋಪಮೆಯನ್ನು ಇಡುತ್ತಾನೆ: ಹಡಗೊಡೆದು ಕಡಲಲ್ಲಿ ಈಜಿ ಬಳಲಿದವರಿಗೆ ದಡ ಕಂಡ ಸಂತೋಷ. ಕಡಲಲ್ಲಿ ಈಜಿದವನು ಒಡಿಸ್ಯೂಸ್. ಉಪಮೆ ಅನ್ವಯವಾಗುವುದು ಪೆನೆಲೊಪೆಗೆ. ಮನೆಯಲ್ಲಿಯೇ ಇದ್ದ ಅವಳೂ ಅಷ್ಟೇ ಕಾಲ ಮುಳುಗದೆ ಈಜಿದವಳು ಎಂಬ ಅರ್ಥವನ್ನು ಹೊರುವ ಬೇರೆ ವಾಕ್ಯ ಅಲ್ಲಿಲ್ಲ. ಉಪಮೆಯೇ ಅದನ್ನು ಹೊತ್ತಿದೆ.

ಸೊಫೊಕ್ಲಿಸನ ‘ದೊರೆ ಈಡಿಪಸ್’ ನಾಟಕದಲ್ಲಿ ಗುರುತಿಸುವಿಕೆ ಭೀಕರವಾಗುತ್ತದೆ. ಈಡಿಪಸನೆಂದರೆ ಊದಿದ ಪಾದದವನು. ಶೈಶವದಲ್ಲಿಯೇ ಚುಚ್ಚಲ್ಪಟ್ಟ ಕಾಲುಗಳನ್ನೂ ಅದರಿಂದಾದ ಹೆಸರನ್ನೂ ಅವನು ಬಾಳಿನುದ್ದಕ್ಕೂ ಹೊತ್ತಿದ್ದಾನೆ. ಆದರೂ ತಾನು ಯಾರೆಂಬುದನ್ನು ಅರಿಯನು. ಹಿಂದಿನ ದೊರೆಯನ್ನು ಕೊಂದವನಾರೆಂದು ಹುಡುಕಹೊರಟವನು ತಾನೇ ಆ ಪಿತೃಘಾತಕನೆಂದು ಕಂಡುಕೊಳ್ಳುತ್ತಾನೆ. ಕುರುಡನಾದ ಟೈರೀಸಿಯಸನು ಸತ್ಯವನ್ನು ಬಲ್ಲನು. ಕಣ್ಣುಳ್ಳ ದೊರೆ ಅದನ್ನು ಕಂಡಾಗ ತನ್ನ ಕಣ್ಣುಗಳನ್ನೇ ಇರಿದುಕೊಳ್ಳುತ್ತಾನೆ. ಅರಿಸ್ಟಾಟಲನು ಇದನ್ನು ಮೇಲ್ಪಂಕ್ತಿಯಾಗಿ ಎತ್ತಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಅರಿವೂ ವಿಪರ್ಯಾಸವೂ ಒಂದೇ ಗಳಿಗೆಯಲ್ಲಿ ಘಟಿಸುತ್ತವೆ.

ವಚನಗಳನ್ನು ಓದಿದವರಿಗೆ ಈ ತಾರತಮ್ಯ ಅಪರಿಚಿತವಲ್ಲ. ಕುರುಹು, ಅರಿವು ಎಂಬ ಎರಡು ಮಾತುಗಳ ಮೇಲೆ ಅಲ್ಲಮಪ್ರಭುವಿನ ಚಿಂತನೆಯ ಬಹುಭಾಗ ನಿಂತಿದೆ. ಕುರುಹು ಅರಿವಿಗೆ ದಾರಿ. ದಾರಿಯಲ್ಲಿಯೇ ನಿಂತವನಿಗೆ ಅದೇ ತಡೆ. ನೀಲಗಾರರ ‘ಕಲ್ಯಾಣದ ಸಾಲು’ ಇದನ್ನೇ ಕಥೆಯಾಗಿಸುತ್ತದೆ. ಮಂಟೇಸ್ವಾಮಿಯು ಬಸವಣ್ಣನವರ ಕಲ್ಯಾಣಕ್ಕೆ ಕುಷ್ಠರೋಗಿಯ ರೂಪದಲ್ಲಿ, ದುರ್ವಾಸನೆ ಬೀರುತ್ತ ಬರುತ್ತಾನೆ. ನಿತ್ಯವೂ ದಾಸೋಹದಲ್ಲಿ ಉಣ್ಣುತ್ತಿದ್ದ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಅವನ ಗುರುತು ಹತ್ತುವುದಿಲ್ಲ, ಅಸಹ್ಯಪಟ್ಟು ಹೊರಹಾಕುತ್ತಾರೆ. ಕೊನೆಗೆ ಗುರುವನ್ನು ಅರಿಯುವವರು ಬಸವಣ್ಣ, ನೀಲಮ್ಮನವರು. ಲಾಂಛನವೆಲ್ಲ ಮೈಮೇಲಿದ್ದವರು ಕಾಣಲಿಲ್ಲ. ಬಂದವನಲ್ಲಾದರೋ ಯಾವ ಲಾಂಛನವೂ ಇರಲಿಲ್ಲ.

ಇದು ಚರಿತ್ರೆಯ ಕಾಲಗಣನೆಗೆ ಒಗ್ಗುವ ಕಥೆಯಲ್ಲ. ಹಾಗೆಯೇ ಗ್ರೀಕರ ಗುರುತಿಸುವಿಕೆಯೂ ಶರಣರ ಅರಿವೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವಾದೀತು. ಅಲ್ಲಿಯದು ಕಥಾಸಂವಿಧಾನದ ಒಂದು ಅಂಗ. ಇಲ್ಲಿಯದು ಅನುಭಾವದ ನೆಲೆ. ಈಡಿಪಸನ ಅರಿವು ಅವನನ್ನು ಮುರಿಯುತ್ತದೆ. ಶರಣನ ಅರಿವು ಅವನನ್ನು ಬಿಡಿಸುತ್ತದೆ. ಈ ಅಂತರ ತಿಳಿಯಬೇಕಾದರೂ ಎರಡನ್ನೂ ಓದಬೇಕು.

ಗ್ರೀಕ್ ನಾಟಕದ ಮೇಳವಾಗಲಿ, ನೀಲಗಾರರ ಹಿಮ್ಮೇಳವಾಗಲಿ ಸತ್ಯ ಬಯಲಾಗುವ ಗಳಿಗೆಗೆ ಕೇಳುಗರನ್ನು ಅಣಿಗೊಳಿಸುತ್ತದೆ. ವೇಷಧಾರಿ ಯಾರೆಂಬುದು ಕೇಳುಗನಿಗೆ ಮೊದಲೇ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಅವರು ತಪ್ಪುವುದನ್ನು ಕಾಣುತ್ತ ಕುಳಿತವನಿಗೆ, ತನ್ನ ಬಾಗಿಲಿಗೆ ಬಂದವನನ್ನು ತಾನು ಹೇಗೆ ಕಂಡೆನೆಂಬ ಅಳುಕು ಹುಟ್ಟಿದರೆ ತಂತ್ರ ಸಾರ್ಥಕ. ಲಕ್ಷಣವನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಕಾವ್ಯದ ಕುರುಹು ಸಿಕ್ಕಿದೆ. ಈ ಅಳುಕನ್ನು ಬಲ್ಲವನಿಗೆ ಅದರ ಅರಿವು.